ಅಪ್‌ಡೇಟ್: ರೂಲೆಟ್‌ನಲ್ಲಿ ನನ್ನ ಡಬಲ್ ಲೆಕ್ಕ ಏನಾಯ್ತು

ಹೋದ ತಿಂಗಳು ಕೇಳಿದ್ದೆ: ಮೊಬೈಲ್ ರೂಲೆಟ್‌ನಲ್ಲಿ (ತಿರುಗುವ ಚಕ್ರದಲ್ಲಿ ಚೆಂಡು ಯಾವ ಮನೆಗೆ ಬೀಳುತ್ತೆ ಅಂತ ದುಡ್ಡು ಕಟ್ಟುವ ಆಟ) ಕೆಂಪಿನ ಮೇಲೆ ನೂರು ರೂಪಾಯಿ ಇಟ್ಟು, ಸೋತಾಗಲೆಲ್ಲ ಡಬಲ್ ಮಾಡುತ್ತಾ ಹೋದರೆ ಕೊನೆಗೆ ಗೆಲ್ಲಲೇಬೇಕು ಅಲ್ವಾ ಅಂತ. ಬೇಡ ಅಂದವರ ಮಾತು ಕೇಳಲಿಲ್ಲ.

ಮೂರು ರಾತ್ರಿ ಚೆನ್ನಾಗೇ ನಡೆಯಿತು, 1,400 ಬಂತು. ನಾಲ್ಕನೇ ರಾತ್ರಿ ಸಾಲಾಗಿ ಆರು ಸಲ ಕೆಂಪು ಬರಲಿಲ್ಲ. 100, 200, 400, 800, 1,600, 3,200. ಒಟ್ಟು 6,300 ಹೋಯಿತು. ಮುಂದೆ 6,400 ಇಡೋಣ ಅಂದರೆ ಬಟನ್ ಬೂದು ಬಣ್ಣಕ್ಕೆ ತಿರುಗಿ ಸುಮ್ನೆ ಕೂತಿತ್ತು. ಆ ಟೇಬಲ್‌ನ ಮಿತಿ 5,000! ಆರನೇ ಸಲ ಬಿದ್ದದ್ದು ಹಸಿರು ಸೊನ್ನೆ. 37 ಮನೆಗಳಲ್ಲಿ ಕೆಂಪು 18 ಮಾತ್ರ, ಕಪ್ಪು 18, ಉಳಿದದ್ದು ಆ ಸೊನ್ನೆ. ಆ ಒಂದು ಸೊನ್ನೆಯಿಂದಲೇ ಆ್ಯಪ್‌ನವರ ಹೊಟ್ಟೆ ತುಂಬುವುದು, ಇಟ್ಟ ನೂರಕ್ಕೆ ಸರಾಸರಿ 2.70 ರೂಪಾಯಿ. ಎಷ್ಟು ಡಬಲ್ ಮಾಡಿದರೂ ಅದು ಬದಲಾಗುವುದಿಲ್ಲ.

ಉಳಿದ 2,150 ತೆಗೆಯಲು ಹೋದರೆ "ಮೊದಲು ಟ್ಯಾಕ್ಸ್ ಕಟ್ಟಿ" ಅಂತ ಮೆಸೇಜ್. ಕಟ್ಟಲಿಲ್ಲ, ಅಷ್ಟು ಬುದ್ಧಿ ಉಳಿದಿತ್ತು. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸುವುದನ್ನೇ 2025ರ ಕೇಂದ್ರ ಕಾನೂನು ನಿಷೇಧಿಸಿದೆ ಅಂತ ಗೊತ್ತಾಗಿದ್ದೂ ಆಮೇಲೆ.

ಹೆಂಡತಿಗೆ ಎಲ್ಲಾ ಹೇಳಿದೆ. ಬೈಯಲಿಲ್ಲ, ಅದೇ ಜಾಸ್ತಿ ಚುಚ್ಚಿತು. ಆ್ಯಪ್ ಅನ್ನು ಅವಳೇ ಡಿಲೀಟ್ ಮಾಡಿದಳು.