ನಿತ್ಯದ ಓಡಾಟಕ್ಕೆ ವಿದ್ಯುತ್ ವಾಹನ: ಸೌರಫಲಕ ಇರಬೇಕಾದದ್ದು ಗಾಡಿಯ ಮೇಲೋ, ಸೂರಿನ ಮೇಲೋ?

ಪ್ರಶ್ನೆ: ಸಂಚಾರಿ

ನನ್ನ ನಿತ್ಯದ ಓಡಾಟ, ಹೋಗುವುದು ಬರುವುದು ಸೇರಿ, 26 ಕಿಲೋಮೀಟರ್. ಇಷ್ಟು ವರ್ಷ ಅದಕ್ಕೆ ಪೆಟ್ರೋಲ್ ಸ್ಕೂಟರನ್ನೇ ಬಳಸಿದ್ದೇನೆ. ಈಗ ಅದರ ಎಂಜಿನನ್ನು ಬಿಚ್ಚಿ ಕಟ್ಟಬೇಕಾದ ಸ್ಥಿತಿ ಬಂದಿರುವುದರಿಂದ, ಆ ಖರ್ಚನ್ನು ಹಳೆಯ ಗಾಡಿಗೆ ಸುರಿಯುವ ಬದಲು ವಿದ್ಯುತ್ ವಾಹನಕ್ಕೆ ಬದಲಾಗೋಣವೆಂದು ಮನೆಯಲ್ಲಿ ಎಲ್ಲರೂ ಮಾತಾಡಿಕೊಂಡಿದ್ದೇವೆ. ಅದಕ್ಕೆ ಮೊದಲು ತಿಳಿದವರಿಂದ ಕೆಲವು ವಿಷಯಗಳನ್ನು ಕೇಳಿ ತಿಳಿಯಬೇಕಾಗಿದೆ.

ಕೆಲಸದ ಜಾಗದಲ್ಲಿ ನನ್ನ ಗಾಡಿ ಎಂಟು ಗಂಟೆ ಬಯಲಿನಲ್ಲಿ, ಒಳ್ಳೆಯ ಬಿಸಿಲಿನಲ್ಲಿ ನಿಂತಿರುತ್ತದೆ. ಅಷ್ಟು ಬಿಸಿಲು ವ್ಯರ್ಥವಾಗುತ್ತಿದೆಯಲ್ಲ ಎಂಬ ಕೊರಗು ನನಗೆ ಬಹಳ ದಿನಗಳಿಂದ ಇದೆ. ಗಾಡಿಯ ಮೈಮೇಲೆಯೇ ಸೌರಫಲಕ ಕೂರಿಸಿಕೊಂಡರೆ ಪ್ಲಗ್ ಹಾಕುವ ಗೋಜಿಲ್ಲದೆ ಓಡಾಡಲು ಸಾಧ್ಯವೇ? ನಮ್ಮ ಮನೆ ಬಹುಮಹಡಿ ಕಟ್ಟಡದ ಮೂರನೆಯ ಮಹಡಿಯಲ್ಲಿದೆ. ತಾರಸಿ ಎಲ್ಲರಿಗೂ ಸೇರಿದ್ದು, ಗಾಡಿ ನಿಲ್ಲಿಸುವ ಜಾಗಕ್ಕೆ ನಮ್ಮ ಮೀಟರಿನಿಂದ ತಂತಿ ಎಳೆದಿಲ್ಲ. ಇದರ ಜೊತೆಗೆ, ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನಿಂದ ಬರುವುದಾದರೆ ನಾವು ಹೊಗೆಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಕಳುಹಿಸುತ್ತೇವೆಯೇ ಹೊರತು ಕಡಿಮೆ ಮಾಡುವುದಿಲ್ಲ ಎಂದು ಸ್ನೇಹಿತರೊಬ್ಬರು ವಾದಿಸುತ್ತಾರೆ. ಅವರಿಗೆ ಕೊಡಲು ನನ್ನ ಬಳಿ ಉತ್ತರವಿಲ್ಲ. ದಯವಿಟ್ಟು ಲೆಕ್ಕಸಹಿತ ತಿಳಿಸಿಕೊಡಿ.

ಉತ್ತರ: ಲೆಕ್ಕಪತ್ರ

ನಿಮ್ಮ ಕೊರಗು ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ನಾನೂ ಒಂದು ಕಾಲದಲ್ಲಿ ಇದೇ ಲೆಕ್ಕವನ್ನು ಮತ್ತೆ ಮತ್ತೆ ಹಾಕಿದ್ದೇನೆ. ಮೋಡವಿಲ್ಲದ ನಡುಹಗಲಿನಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಬೀಳುವ ಬಿಸಿಲಿನ ಶಕ್ತಿ ಸುಮಾರು 1000 ವ್ಯಾಟ್. ಈಗ ಸಿಗುವ ಒಳ್ಳೆಯ ಫಲಕಗಳು ಅದರಲ್ಲಿ 20ರಿಂದ 22 ಪ್ರತಿಶತವನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತವೆ. ಎಂದರೆ ಚದರ ಮೀಟರಿಗೆ ಸುಮಾರು 200 ವ್ಯಾಟ್. ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲನ್ನೆಲ್ಲ ಕೂಡಿಸಿದರೂ, ಬಿಸಿಲು ಚೆನ್ನಾಗಿರುವ ಪ್ರದೇಶದಲ್ಲಿ ಒಂದು ಹಗಲು ನಾಲ್ಕೈದು ಗಂಟೆಗಳ ನಡುಹಗಲಿಗೆ ಸಮನಾಗುತ್ತದೆ. ಆದ್ದರಿಂದ ಸರಿಯಾದ ಓರೆಯಲ್ಲಿ, ನೆರಳು ಬೀಳದಂತೆ ಇಟ್ಟ ಒಂದು ಚದರ ಮೀಟರ್ ಫಲಕದಿಂದ ದಿನಕ್ಕೆ ಸ್ಥೂಲವಾಗಿ ಒಂದು ಯೂನಿಟ್, ಎಂದರೆ 1000 ವ್ಯಾಟ್ ಅವರ್, ಸಿಗುತ್ತದೆ ಎಂದು ಇಟ್ಟುಕೊಳ್ಳಬಹುದು.

ಈ ಒಂದು ಯೂನಿಟ್ಟಿನಲ್ಲಿ ಎಷ್ಟು ದೂರ ಹೋಗಬಹುದು ಎಂಬುದು ವಾಹನದ ಮೇಲೆ ನಿಂತಿದೆ. ವಿದ್ಯುತ್ ಸ್ಕೂಟರ್ ಕಿಲೋಮೀಟರಿಗೆ ಸುಮಾರು 30 ವ್ಯಾಟ್ ಅವರ್ ಬಳಸುವುದರಿಂದ 30 ಕಿಲೋಮೀಟರಿಗಿಂತ ತುಸು ಹೆಚ್ಚು ಹೋಗುತ್ತದೆ. 150 ವ್ಯಾಟ್ ಅವರ್ ಬಳಸುವ ಕಾರು ಏಳು ಕಿಲೋಮೀಟರನ್ನೂ ಮುಟ್ಟುವುದಿಲ್ಲ. ಇನ್ನು ಜಾಗದ ಮಾತು. ಸ್ಕೂಟರಿನ ಮೇಲೆ ಸವಾರ ಕೂರುವ ಸೀಟನ್ನು ಬಿಟ್ಟರೆ ಆಕಾಶಕ್ಕೆ ಮುಖ ಮಾಡಿದ ಜಾಗ ಕಾಲು ಚದರ ಮೀಟರ್ ಕೂಡ ಉಳಿಯುವುದು ಕಷ್ಟ. ಅಷ್ಟರಿಂದ ಬರುವ ವಿದ್ಯುತ್ತು ಆರೇಳು ಕಿಲೋಮೀಟರಿಗೆ ಮುಗಿಯುತ್ತದೆ. ಟೊಯೋಟಾ ಸಂಸ್ಥೆ 2017ರಲ್ಲಿ ಜಪಾನಿನಲ್ಲಿ ಪ್ರಿಯಸ್ ಕಾರಿನ ಚಾವಣಿಗೆ 180 ವ್ಯಾಟ್ ಫಲಕವನ್ನು ಕೊಟ್ಟಾಗ, ಅದರಿಂದ ದಿನಕ್ಕೆ ಹೆಚ್ಚೆಂದರೆ ಸುಮಾರು ಆರು ಕಿಲೋಮೀಟರ್ ಎಂದು ತಾನೇ ಹೇಳಿತ್ತು. ಮೈಯೆಲ್ಲ ಫಲಕವೇ ಆಗಿದ್ದ, ಐದು ಚದರ ಮೀಟರಿನ ಲೈಟ್‌ಇಯರ್ 0 ಎಂಬ ನೆದರ್ಲೆಂಡ್ಸ್ ಮೂಲದ ಕಾರಿನ ತಯಾರಿಕೆ ಆರಂಭವಾದ ಸ್ವಲ್ಪ ಕಾಲದಲ್ಲೇ, 2023ರ ಜನವರಿಯಲ್ಲಿ, ನಿಂತುಹೋಯಿತು. ಅದು ಇಂಜಿನಿಯರುಗಳ ಸೋಲೆಂದು ನಾನು ಭಾವಿಸುವುದಿಲ್ಲ; ಅಷ್ಟು ಸುಂದರವಾದ ಕೆಲಸ ನಿಂತದ್ದು ನನಗೆ ಇಂದಿಗೂ ಬೇಸರದ ಸಂಗತಿ.

ಆದರೆ ಜಾಗದ ಕೊರತೆಗಿಂತ ದೊಡ್ಡ ತೊಡಕೊಂದಿದೆ, ಅದನ್ನು ಯಾರೂ ಮೊದಲಿಗೆ ಯೋಚಿಸುವುದಿಲ್ಲ. ಫಲಕಕ್ಕೆ ಬಿಸಿಲು ಬೇಕು, ಬ್ಯಾಟರಿಗೆ ನೆರಳು ಬೇಕು. ಲಿಥಿಯಂ ಬ್ಯಾಟರಿ ತುಂಬಿದ ಸ್ಥಿತಿಯಲ್ಲಿ ಬಿಸಿಯಾಗಿ ಕುಳಿತಷ್ಟೂ ಅದರ ಆಯುಸ್ಸು ಬೇಗ ಕರಗುತ್ತದೆ. ಎಂಟು ಗಂಟೆ ಬಿಸಿಲಿನಲ್ಲಿ ನಿಲ್ಲಿಸಿ ನೀವು ಗಳಿಸುವ ಕಾಲು ಯೂನಿಟ್ಟಿಗೂ ಕಡಿಮೆ ವಿದ್ಯುತ್ತಿಗಾಗಿ, ಗಾಡಿಯಲ್ಲಿ ಅತ್ಯಂತ ಬೆಲೆಬಾಳುವ ಭಾಗವನ್ನು ಬೇಯಿಸಿದಂತಾಗುತ್ತದೆ. ಫಲಕವೂ ಕಾದಂತೆಲ್ಲ ಕುಗ್ಗುತ್ತದೆ: ಪ್ರತಿ ಡಿಗ್ರಿ ಸೆಲ್ಸಿಯಸ್ ಏರಿಕೆಗೆ 0.3ರಿಂದ 0.4 ಪ್ರತಿಶತದಷ್ಟು. ಗಾಡಿ ನಿಲ್ಲಿಸುವ ಜಾಗಕ್ಕೆ ಸೂರು ಹಾಕಿ, ಫಲಕವನ್ನು ಆ ಸೂರಿನ ಮೇಲಿಟ್ಟರೆ ಎರಡಕ್ಕೂ ಬೇಕಾದದ್ದು ಸಿಗುತ್ತದೆ.

ಉತ್ತರ: ತುಳಿಗಾಲಿ

ಮೇಲಿನ ಲೆಕ್ಕವನ್ನು ನಾನು ಇನ್ನೊಂದು ತುದಿಯಿಂದ ನೋಡುತ್ತೇನೆ. ಫಲಕವನ್ನು ದೊಡ್ಡದು ಮಾಡುವುದಕ್ಕಿಂತ ವಾಹನವನ್ನು ಹಗುರ ಮಾಡುವುದು ಸುಲಭ. ಆಸ್ಟ್ರೇಲಿಯಾದಲ್ಲಿ 1987ರಿಂದ ನಡೆಯುತ್ತಿರುವ ವರ್ಲ್ಡ್ ಸೋಲಾರ್ ಚಾಲೆಂಜ್ ಸ್ಪರ್ಧೆಯಲ್ಲಿ ಡಾರ್ವಿನ್‌ನಿಂದ ಅಡಿಲೇಡ್‌ವರೆಗಿನ ಸುಮಾರು 3000 ಕಿಲೋಮೀಟರನ್ನು ಬಿಸಿಲಿನ ಬಲದಿಂದಲೇ ದಾಟುವ ಕಾರುಗಳಿವೆ. ಮೊದಲ ವರ್ಷ ಗೆದ್ದ ಸನ್‌ರೇಸರ್ ಗಂಟೆಗೆ ಸರಾಸರಿ 67 ಕಿಲೋಮೀಟರ್ ವೇಗದಲ್ಲಿ ಓಡಿತ್ತು. ಆ ಕಾರುಗಳು ಓಡುವುದು ಅವು ತೀರ ಹಗುರವಾಗಿ, ಗಾಳಿಯನ್ನು ಸೀಳಿಕೊಂಡು ಹೋಗುವಂತಿರುವುದರಿಂದ.

ನಿಮ್ಮ 26 ಕಿಲೋಮೀಟರ್ ದಾರಿಯಲ್ಲಿ ಕಡಿದಾದ ಏರು ಹೆಚ್ಚಿಲ್ಲವಾದರೆ ವಿದ್ಯುತ್ ಸೈಕಲ್ಲನ್ನೂ ಗಮನಕ್ಕೆ ತೆಗೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಪೆಡಲ್ ತುಳಿಯುತ್ತಾ ಹೋದರೆ ಅದು ಕಿಲೋಮೀಟರಿಗೆ ಬಳಸುವುದು ಸುಮಾರು 10 ವ್ಯಾಟ್ ಅವರ್. ನಿಮ್ಮ ಇಡೀ ದಿನದ ಓಡಾಟಕ್ಕೆ 260. ನಾನು ಪ್ರತಿದಿನ ಇದಕ್ಕಿಂತ ತುಸು ಕಡಿಮೆ ದೂರವನ್ನು ಹೀಗೆ ಕ್ರಮಿಸುತ್ತೇನೆ. ಹಲವು ದೇಶಗಳಲ್ಲಿ 250 ವ್ಯಾಟ್ ಮೋಟಾರು, 25 ಕಿಲೋಮೀಟರ್ ವೇಗ ಎಂಬ ಮಿತಿಯೊಳಗಿನ ಸೈಕಲ್ಲಿಗೆ ನೋಂದಣಿ ಬೇಕಾಗುವುದಿಲ್ಲ. ಬ್ಯಾಟರಿಯ ತೂಕ ಮೂರು ಕಿಲೋಗ್ರಾಂ ಆಸುಪಾಸು ಇರುವುದರಿಂದ ಕೀಲಿ ತಿರುಗಿಸಿ ಬಿಚ್ಚಿಕೊಂಡು ಮೂರನೆಯ ಮಹಡಿಗೆ ಹತ್ತಬಹುದು. ಕೆಳಗಿನ ತಂತಿಯ ಪ್ರಶ್ನೆಯೇ ಬರುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಇದು ಕಷ್ಟದ ಸಂಗತಿ ಎಂಬುದನ್ನು ಮುಚ್ಚಿಡಲಾರೆ.

ಒಂದು ಎಚ್ಚರಿಕೆಯನ್ನು ನನ್ನ ಅನುಭವದಿಂದ ಹೇಳಬೇಕು. ಒಮ್ಮೆ ನನ್ನ ಚಾರ್ಜರ್ ಕೆಟ್ಟಾಗ, ಪಿನ್ನು ಹೊಂದುತ್ತದೆಂಬ ಒಂದೇ ಕಾರಣಕ್ಕೆ ಪರಿಚಿತರ ಚಾರ್ಜರನ್ನು ಹಾಕಿದೆ. ನನ್ನದು 36 ವೋಲ್ಟಿನ ಬ್ಯಾಟರಿ, ಪೂರ್ತಿ ತುಂಬಿದಾಗ 42 ವೋಲ್ಟ್. ಅವರದು 48 ವೋಲ್ಟಿನ ಬ್ಯಾಟರಿಗೆ ಮಾಡಿದ, 54.6 ವೋಲ್ಟಿಗೆ ಏರುವ ಚಾರ್ಜರ್. ಬ್ಯಾಟರಿಯೊಳಗಿನ ರಕ್ಷಣಾ ಮಂಡಲ ಕೂಡಲೇ ಸಂಪರ್ಕ ಕಡಿದದ್ದರಿಂದ ಅನಾಹುತವೊಂದು ತಪ್ಪಿತು. ಅಂದಿನಿಂದ ಚಾರ್ಜರಿನ ಬೆನ್ನಿನ ಮೇಲಿನ ಅಂಕಿಯನ್ನು ಓದದೆ ಪ್ಲಗ್ ಹಾಕುವುದಿಲ್ಲ.

ಉತ್ತರ: ತಂತಿಕೆಲಸ

ನಾನು ಕಟ್ಟಡಗಳ ವೈರಿಂಗ್ ಕೆಲಸ ಮಾಡುವವನು. ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಗಾಡಿ ಹಗಲಿಡೀ ಎಲ್ಲಿ ನಿಲ್ಲುತ್ತದೆ ಎಂಬ ಸಂಗತಿ. ಮನೆಯಲ್ಲಿ ಸೌರ ವಿದ್ಯುತ್ತಿನಿಂದ ಚಾರ್ಜ್ ಮಾಡಬೇಕೆಂದರೆ, ಹಗಲಿನ ವಿದ್ಯುತ್ತನ್ನು ಒಂದು ಬ್ಯಾಟರಿಗೆ ತುಂಬಿ, ರಾತ್ರಿ ಇನ್ವರ್ಟರಿನ ಮೂಲಕ ಹೊರತೆಗೆದು, ಚಾರ್ಜರಿನ ಮೂಲಕ ಇನ್ನೊಂದು ಬ್ಯಾಟರಿಗೆ ತುಂಬಬೇಕಾಗುತ್ತದೆ. ಪ್ರತಿ ಹಂತವೂ ಹತ್ತು ಪ್ರತಿಶತದಷ್ಟು ಸುಂಕ ಕೇಳಿದರೆ ಕೊನೆಗೆ ಕೈಗೆ ಬರುವುದು ಮುಕ್ಕಾಲು ಪಾಲು ಮಾತ್ರ. ಫಲಕವನ್ನು ವಿದ್ಯುತ್ ಜಾಲಕ್ಕೆ ಜೋಡಿಸಿ, ಹಗಲು ಹೆಚ್ಚಾದದ್ದನ್ನು ಜಾಲಕ್ಕೆ ಕೊಟ್ಟು ರಾತ್ರಿ ಬೇಕಾದಾಗ ಪಡೆಯುವುದು, ಅಥವಾ ಕೆಲಸದ ಜಾಗದಲ್ಲಿ ಹಗಲಿನಲ್ಲೇ ಚಾರ್ಜ್ ಮಾಡುವುದು, ಇವೆರಡೂ ಇದಕ್ಕಿಂತ ಮೇಲು. ನಿಮ್ಮ ಮೇಲಧಿಕಾರಿಗಳನ್ನು ಒಂದು ಸಾಕೆಟ್ ಕೇಳಲು ಹಿಂಜರಿಯಬೇಡಿ. 26 ಕಿಲೋಮೀಟರಿಗೆ ಚಾರ್ಜರಿನ ನಷ್ಟವನ್ನೂ ಸೇರಿಸಿ ದಿನಕ್ಕೆ ಒಂದು ಯೂನಿಟ್ಟಿಗಿಂತ ಕಡಿಮೆಯೇ ಆಗುತ್ತದೆ.

ಆದರೆ ಆ ಸಾಕೆಟ್ ಹೇಗಿರಬೇಕೆಂಬುದರಲ್ಲಿ ರಾಜಿ ಬೇಡ. ಸ್ಕೂಟರಿನ ಚಾರ್ಜರ್ ಒಂದು ಇಸ್ತ್ರಿ ಪೆಟ್ಟಿಗೆಗಿಂತ ಹೆಚ್ಚೇನೂ ಎಳೆಯುವುದಿಲ್ಲ. ವ್ಯತ್ಯಾಸವೆಂದರೆ ಇಸ್ತ್ರಿ ಪೆಟ್ಟಿಗೆ ಆಗಾಗ ನಿಲ್ಲುತ್ತದೆ, ಚಾರ್ಜರ್ ಗಂಟೆಗಟ್ಟಲೆ ಬಿಡುವಿಲ್ಲದೆ ಎಳೆಯುತ್ತದೆ. ಸಡಿಲವಾದ ಸಾಕೆಟ್ ಅಷ್ಟು ಹೊತ್ತಿನಲ್ಲಿ ಕಾದು ಕರಗುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. ಪ್ರತ್ಯೇಕ ಎಂಸಿಬಿ (ಮಿತಿಮೀರಿ ವಿದ್ಯುತ್ ಹರಿದರೆ ತಾನೇ ಕಡಿಯುವ ಸ್ವಿಚ್ಚು), 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಕೂಡಲೇ ಕಡಿಯುವ ಸ್ವಿಚ್ಚು), ಪರೀಕ್ಷಿಸಿದ ಅರ್ಥಿಂಗ್ ಇವು ಇರಲೇಬೇಕು. ಮೆಟ್ಟಿಲ ಕೆಳಗೆ ಚಾರ್ಜಿಗೆ ಹಾಕಬೇಡಿ. ಬೆಂಕಿ ಹತ್ತಿದರೆ ಮೇಲಿನವರೆಲ್ಲರೂ ಇಳಿದು ಬರಬೇಕಾದ ದಾರಿ ಅದು. ಆಯ್ಕೆ ಇದ್ದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಗಾಡಿಯನ್ನು ನೋಡಿ; ಅದು ತುಸು ಭಾರವಾದರೂ ಶಾಖವನ್ನು ಚೆನ್ನಾಗಿ ತಡೆಯುತ್ತದೆ.

ನಿಮ್ಮ ಸ್ನೇಹಿತರ ವಾದಕ್ಕೆ ಬರುತ್ತೇನೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೀಟರಿಗೆ 45 ಕಿಲೋಮೀಟರ್ ಕೊಡುವ ಸ್ಕೂಟರ್ ಕಿಲೋಮೀಟರಿಗೆ 51 ಗ್ರಾಂ ಉಗುಳುತ್ತದೆ. ವಿದ್ಯುತ್ತೆಲ್ಲ ಕಲ್ಲಿದ್ದಲಿನಿಂದಲೇ ಬರುತ್ತದೆಂದು, ಯೂನಿಟ್ಟಿಗೆ ಒಂದು ಕಿಲೋಗ್ರಾಂ ಎಂದು ಹಿಡಿದರೂ, ವಿದ್ಯುತ್ ಸ್ಕೂಟರಿನ ಪಾಲು 35 ಗ್ರಾಂ ಆಸುಪಾಸು. ಜಾಲದಲ್ಲಿ ಗಾಳಿ, ನೀರು, ಬಿಸಿಲಿನ ಪಾಲು ಹೆಚ್ಚಿದಷ್ಟೂ ಅದು ಇನ್ನೂ ಇಳಿಯುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಆ ಭಾಗ್ಯವಿಲ್ಲ. ಆದರೂ ಸ್ನೇಹಿತರ ಮಾತಿನಲ್ಲಿ ನಿಜವೂ ಇದೆ. ಕಿಲೋಮೀಟರಿಗೆ 200 ವ್ಯಾಟ್ ಅವರ್ ನುಂಗುವ ಭಾರೀ ವಿದ್ಯುತ್ ಕಾರನ್ನು ಬರೀ ಕಲ್ಲಿದ್ದಲಿನ ವಿದ್ಯುತ್ತಿನಿಂದ ಓಡಿಸಿದರೆ 200 ಗ್ರಾಂ ದಾಟುತ್ತದೆ, ಲೀಟರಿಗೆ 16 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಿನ ಹೊಗೆಕೊಳವೆಯಿಂದ ಬರುವುದು 144 ಗ್ರಾಂ. ವಾಹನ ಚಿಕ್ಕದಾಗಿರಬೇಕೆಂಬ ಮೇಲಿನವರ ಮಾತನ್ನು ನಾನು ಒಪ್ಪುವುದು ಇದೇ ಕಾರಣಕ್ಕೆ.

ಉತ್ತರ: ಹಳಿಪಯಣ

ಫಲಕ ಇರಬೇಕಾದದ್ದು ಸೂರಿನ ಮೇಲೆ ಎಂಬ ಮಾತು ಸ್ವಂತ ವಾಹನದ ಆಚೆಗೂ ಸಲ್ಲುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸೇರಿಸುತ್ತೇನೆ. ಆಸ್ಟ್ರೇಲಿಯಾದ ಬೈರನ್ ಬೇಯಲ್ಲಿ 2017ರ ಡಿಸೆಂಬರಿನಿಂದ ಮೂರು ಕಿಲೋಮೀಟರ್ ಹಳಿಯ ಮೇಲೆ ಸೌರ ರೈಲೊಂದು ಓಡುತ್ತಿದೆ. ಅದರ ಬೋಗಿಗಳ ಮೇಲಿನ ಫಲಕಗಳ ಸಾಮರ್ಥ್ಯ 6.5 ಕಿಲೋವ್ಯಾಟ್, ಅದು ನಿಲ್ಲುವ ಶೆಡ್ಡಿನ ಮೇಲಿರುವುದು 30 ಕಿಲೋವ್ಯಾಟ್. ರೈಲಿನಷ್ಟು ಉದ್ದದ ಚಾವಣಿ ಇದ್ದರೂ ಹೆಚ್ಚಿನ ಭಾರವನ್ನು ಹೊರುವುದು ಸೂರೇ. ದೋಣಿಗಳಲ್ಲಿ ಮಾತ್ರ ಪರಿಸ್ಥಿತಿ ಬೇರೆ, ಏಕೆಂದರೆ ಅವುಗಳ ವೇಗ ಕಡಿಮೆ, ಚಾವಣಿ ವಿಶಾಲ. ಕೇರಳದ ವೈಕಂನಲ್ಲಿ 2017ರಿಂದ ಸಾಗುತ್ತಿರುವ 75 ಜನರ ‘ಆದಿತ್ಯ’ ದೋಣಿ ತನ್ನ ಶಕ್ತಿಯ ಬಹುಪಾಲನ್ನು ತನ್ನ ತಲೆಯ ಮೇಲಿನಿಂದಲೇ ಪಡೆಯುತ್ತದೆ.

ಮರುಪ್ರಶ್ನೆ: ಸಂಚಾರಿ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಗಾಡಿಯ ಮೇಲೆ ಫಲಕ ಕೂರಿಸುವ ಯೋಚನೆಯನ್ನು ಕೈಬಿಟ್ಟಿದ್ದೇನೆ. ಕೆಲಸದ ಜಾಗದಲ್ಲಿ ವಿಚಾರಿಸಿದಾಗ, ಗೋಡೆಯ ಬದಿಯ ಸೂರಿನಡಿ ಎರಡು ಸಾಕೆಟ್ ಹಾಕಿಸಲು ಒಪ್ಪಿದರು. ಎಂಸಿಬಿ, ಆರ್‌ಸಿಸಿಬಿ ಎರಡನ್ನೂ ಬರೆದುಕೊಟ್ಟಿದ್ದೇನೆ. ಸೈಕಲ್ಲಿನಲ್ಲಿ ಎರಡು ದಿನ ಹೋಗಿ ನೋಡಿದೆ, ಹೋಗುವಾಗ ಹಿತವೆನಿಸಿದರೂ ಮರಳುವಾಗಿನ ದೀರ್ಘ ಏರು ನನ್ನ ಮಂಡಿಗೆ ಒಗ್ಗಲಿಲ್ಲ. ಆದ್ದರಿಂದ ಬ್ಯಾಟರಿ ಬಿಚ್ಚಲು ಬರುವ ಚಿಕ್ಕ ಸ್ಕೂಟರನ್ನು ಆರಿಸಲಿದ್ದೇವೆ. ಒಂದೇ ಒಂದು ಸಂದೇಹ ಉಳಿದಿದೆ: ವರ್ಷಕ್ಕೊಮ್ಮೆ ಒಂದು ತಿಂಗಳು ಊರಿನಲ್ಲಿ ಇರುವುದಿಲ್ಲ, ಆಗ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಇಟ್ಟು ಹೋಗಬೇಕೆ?

ಉತ್ತರ: ತಂತಿಕೆಲಸ

ಪೂರ್ತಿ ತುಂಬಿಸಬೇಡಿ, ಪೂರ್ತಿ ಖಾಲಿಯಾಗಲೂ ಬಿಡಬೇಡಿ. ಅರ್ಧದಷ್ಟು ಚಾರ್ಜ್ ಉಳಿಸಿ, ಗಾಡಿಯಿಂದ ಬಿಚ್ಚಿ, ಮನೆಯೊಳಗೆ ತಂಪಾದ ಒಣ ಜಾಗದಲ್ಲಿ, ಹತ್ತಿಕೊಳ್ಳುವ ವಸ್ತುಗಳಿಂದ ದೂರವಿಡಿ. ಚಾರ್ಜರಿಗೆ ಸಿಕ್ಕಿಸಿ ಹೋಗಬೇಡಿ. ಮರಳಿದ ದಿನ ಒಮ್ಮೆ ಪೂರ್ತಿ ತುಂಬಿಸಿದರೆ ಸಾಕು. ಐರನ್ ಫಾಸ್ಫೇಟ್ ಬ್ಯಾಟರಿಯಾದರೆ ಉಳಿದ ಚಾರ್ಜನ್ನು ತೋರಿಸುವ ಲೆಕ್ಕವೂ ಅದರಿಂದ ಸರಿಹೋಗುತ್ತದೆ.