ಅಕ್ಕನ ಮಗನ ಕೇಸು ಜೆಜೆ ಬೋರ್ಡಿನಲ್ಲಿದೆ (ಮಕ್ಕಳ ಕೇಸು ನೋಡುವ ಬಾಲನ್ಯಾಯ ಮಂಡಳಿ), ಕಾಗದವೆಲ್ಲ ಮಲಯಾಳದಲ್ಲಿ. ಮುಂದೇನು?

ಗೂಡ್ಸ್ ರಿಕ್ಷಾ ಮಾವ:

ನಮಸ್ಕಾರ. ನಾನು ಕಾಸರಗೋಡಿನ ಗಡಿ ಕಡೆಯವನು. ಊರಿನ ಹೆಸರು ಬೇಡ. ಗೂಡ್ಸ್ ರಿಕ್ಷಾ ಓಡಿಸುತ್ತೇನೆ. ಓದಿದ್ದು ಕನ್ನಡ ಮೀಡಿಯಂನಲ್ಲಿ ಹತ್ತರವರೆಗೆ. ಬಾಡಿಗೆ ಚೌಕಾಸಿ ಮಾಡುವಷ್ಟು ಮಲಯಾಳ ಬರುತ್ತದೆ. ಓದುವುದಾದರೆ ಬಸ್ಸಿನ ಬೋರ್ಡು ಮಾತ್ರ.

ಅಕ್ಕನ ಮಗನಿಗೆ 16 ವರ್ಷ 8 ತಿಂಗಳು. ಪ್ಲಸ್ ವನ್ ಓದುತ್ತಿದ್ದಾನೆ. ಕಳೆದ ತಿಂಗಳು ನೆರೆಯ ಮನೆಯೊಂದರ ಅಟ್ಟದಿಂದ ಎರಡು ಗೋಣಿ ಚಾಲಿ ಅಡಿಕೆ ಕಳವಾಯಿತು. ಇವನ ಹೆಸರೂ ಬಂತು, 21 ವರ್ಷದ ಇನ್ನೊಬ್ಬನ ಹೆಸರೂ ಬಂತು. ಇವನು ಹೇಳುವುದು ಇಷ್ಟು: "ಅವನು ರಾತ್ರಿ ಕರೆದ. ಅಜ್ಜನ ಪಾಲಿನ ಅಡಿಕೆ ಅಂದ. ನಾನು ಗೋಣಿಯನ್ನು ಸ್ಕೂಟರಿಗೆ ಎತ್ತಿಕೊಟ್ಟೆ." ಇದನ್ನು ಪೂರ್ತಿ ನಂಬುವಷ್ಟು ಪಾಪದವನು ನಾನಲ್ಲ. ರಾತ್ರಿ ಹನ್ನೊಂದು ಗಂಟೆಗೆ ಯಾವ ಅಜ್ಜ ಅಡಿಕೆ ಪಾಲು ಮಾಡುತ್ತಾನೆ ಮಾರಾಯ್ರೇ?

ನನ್ನ ಸಂಕಟ ಬೇರೆಯೇ. ಇವನು ಹೆದರಿ ಅರ್ಧ ಕನ್ನಡ ಅರ್ಧ ತುಳುವಿನಲ್ಲಿ "ಎತ್ತಿಕೊಟ್ಟೆ" ಅಂದಿದ್ದಾನೆ. ಠಾಣೆಯಲ್ಲಿ ಅದನ್ನು "ಎಡುತ್ತು" ಅಂತ ಬರೆದುಕೊಂಡಿದ್ದಾರೆ. ಮಲಯಾಳದಲ್ಲಿ ಎಡುತ್ತು ಅಂದರೆ ತೆಗೆದುಕೊಂಡ. ಎತ್ತುವುದಕ್ಕೂ ತೆಗೆದುಕೊಳ್ಳುವುದಕ್ಕೂ ವ್ಯತ್ಯಾಸ ಇಲ್ವಾ? ಅದರ ಕೆಳಗೆ ಇವನ ಸಹಿ ಬೇರೆ ಇದೆ. ಓದಿ ಹೇಳಿದ ಪಕ್ಕದ ಮನೆಯ ಹುಡುಗಿಗೇ ಬೇಜಾರಾಯಿತು.

ಮರುದಿನ ಬೋರ್ಡಿನ ಎದುರು ಕರೆದುಕೊಂಡು ಹೋದರು. ಜಾಮೀನು ಸಿಕ್ಕಿತು. ಅಕ್ಕನೂ ಸಹಿ ಹಾಕಿದಳು, ಯಾವುದಕ್ಕೆ ಅಂತ ಅವಳಿಗೆ ಗೊತ್ತಿಲ್ಲ. ಈಗ ಪ್ರೊಬೇಷನ್ ಆಫೀಸರ್ ಮನೆಗೆ ಬರುತ್ತಾರಂತೆ. ಅವರ ಹತ್ತಿರ ಏನು ಹೇಳಬೇಕು, ಏನು ಬಿಡಬೇಕು? ಚಹಾ ಅಂಗಡಿಯಲ್ಲಿ ಒಬ್ಬರು "ರಾತ್ರಿ ಕಳವಿಗೆ 14 ವರ್ಷ, ದೊಡ್ಡವರ ಕೋರ್ಟಿಗೇ ಹೋಗುತ್ತದೆ" ಅಂದರು. ಅಂದಿನಿಂದ ಅಕ್ಕ ಸರಿಯಾಗಿ ಊಟ ಮಾಡಿಲ್ಲ. ನಮ್ಮ ಕಡೆ ಹುಡುಗರೆಲ್ಲ ಕೊನೆಗೆ ಗಲ್ಫಿಗೆ ಹೋಗುವವರು. ಇವನ ಪಾಸ್‌ಪೋರ್ಟಿಗೆ ಇದು ಅಡ್ಡ ಬರುತ್ತದಾ? ಇನ್ನೊಂದು, ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಗೋಣಿಯ ಪಕ್ಕ ಇವನನ್ನು ನಿಲ್ಲಿಸಿದ ಫೋಟೋ ಓಡಾಡುತ್ತಿದೆ.

ವಿದ್ಯಾನಗರದ ಕರಿಕೋಟು:

ನಾನು ಇಲ್ಲೇ ಪ್ರಾಕ್ಟೀಸ್ ಮಾಡುವ ವಕೀಲೆ. ಕೇಸಿನ ಕಾಗದ ನೋಡಿಲ್ಲ, ನೀವು ಹೇಳಿದ್ದರ ಮೇಲೆ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಅಕ್ಕನಿಗೆ ಊಟ ಮಾಡಲು ಹೇಳಿ. ಚಹಾ ಅಂಗಡಿಯವರು ಹೇಳಿದ 14 ವರ್ಷ ಪೂರ್ತಿ ಸುಳ್ಳಲ್ಲ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಬರೀ ಕಳವಿಗೆ 3 ವರ್ಷದವರೆಗೆ, ಮನೆಯೊಳಗಿನ ಕಳವಿಗೆ 7 ವರ್ಷದವರೆಗೆ, ರಾತ್ರಿ ಕದಿಯಲೆಂದೇ ಮನೆಗೆ ನುಗ್ಗಿದರೆ 14 ವರ್ಷದವರೆಗೆ ಶಿಕ್ಷೆ ಇದೆ. ಆದರೆ ಅದು ದೊಡ್ಡವರ ಲೆಕ್ಕ. 2015ರ ಬಾಲನ್ಯಾಯ ಕಾಯ್ದೆ ನೋಡುವುದು ಬೇರೆಯದನ್ನು. ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಜಾಸ್ತಿ ಇದ್ದರೆ ಮಾತ್ರ ಅದು ಘೋರ ಅಪರಾಧ. 16 ದಾಟಿದವರನ್ನು ದೊಡ್ಡವರಂತೆ ವಿಚಾರಿಸಬೇಕಾ ಎಂಬ ಪ್ರಾಥಮಿಕ ಪರಿಶೀಲನೆ ನಡೆಯುವುದು ಆ ಗುಂಪಿಗೆ ಮಾತ್ರ. ಈ 14 ವರ್ಷ ಗರಿಷ್ಠ ಶಿಕ್ಷೆ, ಕನಿಷ್ಠ ಎಂದು ಅಲ್ಲಿ ಏನೂ ಇಲ್ಲ. ಇಂಥವನ್ನು ಘೋರ ಎನ್ನಬಾರದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. 2021ರ ತಿದ್ದುಪಡಿಯಲ್ಲಿ ಅದೇ ಮಾತು ಕಾಯ್ದೆಯೊಳಗೂ ಬಂತು. ಹಾಗಾಗಿ ಇವನ ಕೇಸು ಬೋರ್ಡಿನಲ್ಲೇ ಮುಗಿಯುತ್ತದೆ. ಆ 21ರ ಹುಡುಗನದು ಬೇರೆ ಕೋರ್ಟು. ಇಬ್ಬರನ್ನೂ ಒಟ್ಟಿಗೆ ವಿಚಾರಿಸುವಂತಿಲ್ಲ.

ಮಕ್ಕಳ ಮೇಲೆ ಎಫ್‌ಐಆರ್ ಇಲ್ಲ ಅಂತ ಯಾರಾದರೂ ಹೇಳಿದರೆ ಅದು ಅರ್ಧ ಸರಿ. ಘೋರ ಅಪರಾಧ ಆಗಿದ್ದರೆ, ಇಲ್ಲವೇ ದೊಡ್ಡವರು ಜೊತೆಗಿದ್ದರೆ ಹಾಕಬಹುದು. ಇಲ್ಲಿ ದೊಡ್ಡವನಿದ್ದಾನೆ.

ಈಗ ನಿಮ್ಮ "ಎಡುತ್ತು". ನನ್ನ ಪ್ರಕಾರ ಈ ಕೇಸಿನಲ್ಲಿ ದೊಡ್ಡ ವಿಷಯ ಇದೇ. ಕೇಂದ್ರದ 2016ರ ಬಾಲನ್ಯಾಯ ಮಾದರಿ ನಿಯಮಗಳ ಪ್ರಕಾರ ಮಗುವಿನಿಂದ ಯಾವ ಹೇಳಿಕೆಗೂ ಸಹಿ ಹಾಕಿಸಬಾರದು. ಪೊಲೀಸರ ಎದುರು ತಪ್ಪೊಪ್ಪಿಕೊಂಡದ್ದು ಸಾಕ್ಷ್ಯವೂ ಆಗುವುದಿಲ್ಲ. ಆದರೂ ಸುಮ್ನೆ ಬಿಡಬೇಡಿ. ಕಾಗದದಲ್ಲಿ ಒಮ್ಮೆ ಕೂತ ಮಾತು ಮುಂದಿನ ಕಾಗದಕ್ಕೂ ನಡೆದುಕೊಂಡು ಹೋಗುತ್ತದೆ. ಕಾಯ್ದೆಯ 8ನೇ ಸೆಕ್ಷನ್‌ನಲ್ಲಿ ಸ್ಪಷ್ಟವಾಗಿದೆ: ನಡೆಯುತ್ತಿರುವ ಭಾಷೆ ಮಗುವಿಗೆ ಅರ್ಥವಾಗದಿದ್ದರೆ ಬೋರ್ಡೇ ದುಭಾಷಿಯನ್ನು ಕೊಡಬೇಕು. ಮುಂದಿನ ಸಿಟ್ಟಿಂಗಿನಲ್ಲಿ ವಕೀಲರಿಂದ ಎರಡು ಸಾಲಿನ ಅರ್ಜಿ ಹಾಕಿಸಿ: ಹುಡುಗನ ಭಾಷೆ ಕನ್ನಡ, ದುಭಾಷಿ ಬೇಕು, ಹಿಂದಿನ ಹೇಳಿಕೆ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಆಗಿಲ್ಲ. ವಕೀಲರಿಗೆ ದುಡ್ಡು ಬೇಡ. ಮಕ್ಕಳಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಕನ್ನಡ ಬಲ್ಲವರು ಬೇಕು ಅಂತ ಬಾಯಿಬಿಟ್ಟು ಕೇಳಿ. ನಮ್ಮಲ್ಲಿ ಇದ್ದಾರೆ.

ಅಕ್ಕ ಸಹಿ ಹಾಕಿದ್ದು ಬಹುಶಃ ಮಗನನ್ನು ನೋಡಿಕೊಳ್ಳುತ್ತೇನೆ, ಕರೆದಾಗ ಕರೆತರುತ್ತೇನೆ ಎಂಬ ಮುಚ್ಚಳಿಕೆ. ಆದರೂ ಪ್ರತಿ ತೆಗೆದುಕೊಂಡು ಓದಿಸಿ.

ಕೇಸು ಮುಗಿದ ಮೇಲೆ ಕ್ಯಾರೆಕ್ಟರ್ ಸರ್ಟಿಫಿಕೇಟಿಗಾಗಿ ಪೊಲೀಸರು ಇದನ್ನು ಹೊರಗೆ ತಿಳಿಸುವಂತಿಲ್ಲ. ಅಪೀಲಿನ ಅವಧಿ ಕಳೆದ ಮೇಲೆ ದಾಖಲೆಯನ್ನೇ ನಾಶ ಮಾಡಲು ಹೇಳುವ 24ನೇ ಸೆಕ್ಷನ್ ಇದೆ. ಕೇಸು ನಡೆಯುತ್ತಿರುವಾಗ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರೆ ತೊಡಕು, ಅಷ್ಟೇ.

ಫೋಟೋ ಹಂಚುವುದು 74ನೇ ಸೆಕ್ಷನ್ ಪ್ರಕಾರ ಅಪರಾಧ. 6 ತಿಂಗಳವರೆಗೆ ಜೈಲು, ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಗ್ರೂಪಿನ ಅಡ್ಮಿನ್‌ಗೆ ಇದನ್ನು ಕಳಿಸಿ ನೋಡಿ, ಎಷ್ಟು ಬೇಗ ಡಿಲೀಟ್ ಆಗುತ್ತದೆ ಅಂತ. ಅದಕ್ಕೆ ಮೊದಲು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಹೊಲಿಗೆ ಅಕ್ಕ:

ವಕೀಲರು ಕಾನೂನು ಹೇಳಿದರು. ನಾನು ಮನೆ ವಿಷಯ ಹೇಳುತ್ತೇನೆ. ನನ್ನ ಮಗನೂ ಬೋರ್ಡಿಗೆ ಹೋಗಿ ಬಂದವನೇ. ಲೈಸೆನ್ಸ್ ಇಲ್ಲದೆ ಬೈಕ್ ಬಿಟ್ಟು ಒಬ್ಬರ ಕಾಲು ಮುರಿದಿದ್ದ.

ಪ್ರೊಬೇಷನ್ ಆಫೀಸರ್ ಬರುತ್ತಾರೆ ಅಂತ ನಾನು ಅಂಗಳ ಗುಡಿಸಿ, ಹೊಲಿಗೆ ಮೆಷಿನ್ ಮೇಲೆ ಬಟ್ಟೆ ಹೊದಿಸಿ, ಅಡ್ಡಪಂಚೆಯಲ್ಲಿದ್ದ ಗಂಡನಿಗೆ ಪ್ಯಾಂಟು ಹಾಕಿಸಿದೆ! ನೀರುದೋಸೆಯೂ ಮಾಡಿದ್ದೆ. ಅವರು ಬರೀ ನೀರು ಕುಡಿದರು. ಕೇಳಿದ್ದೆಲ್ಲ ಸಣ್ಣ ಸಣ್ಣ ಸಂಗತಿ. ಮಗ ಎಷ್ಟು ಗಂಟೆಗೆ ಮಲಗುತ್ತಾನೆ, ಯಾರ ಜೊತೆ ತಿರುಗುತ್ತಾನೆ, ಶಾಲೆಗೆ ಎಷ್ಟು ದಿನ ತಪ್ಪಿಸಿದ್ದಾನೆ, ಮನೆಯಲ್ಲಿ ಯಾರ ಮಾತು ಕೇಳುತ್ತಾನೆ. ಗಂಡ ಕುಡಿಯುತ್ತಾರಾ ಅಂತ ಕೇಳಿದಾಗ ಇಲ್ಲ ಅಂದೆ. ಹೊರಗೆ ಹೋಗಿ ಪಕ್ಕದ ಮನೆಯಲ್ಲೂ ಕೇಳಿದರು ನೋಡಿ. ರಿಪೋರ್ಟಿನಲ್ಲಿ ಎರಡೂ ಬಂತು, ನಾನು ಇಲ್ಲ ಅಂದದ್ದು, ಅವರು ಹೌದು ಅಂದದ್ದು. ಬೋರ್ಡಿನ ಹೆಂಗಸೊಬ್ಬರು ಅದನ್ನು ಓದಿ ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಆದ್ದರಿಂದ ಇದ್ದದ್ದು ಹೇಳಿ. ರಾತ್ರಿ ಹನ್ನೊಂದಕ್ಕೆ ಹೊರಗೆ ಹೋದದ್ದು ನಿಮಗೆ ಗೊತ್ತಿರಲಿಲ್ಲ ಅಂದರೆ ಗೊತ್ತಿರಲಿಲ್ಲ ಅನ್ನಿ. ಅವರು ಹುಡುಗನನ್ನು ಒಳಗೆ ಹಾಕಲು ಬರುವವರಲ್ಲ. ಅವನನ್ನು ಮನೆಯಲ್ಲೇ ಬಿಡಬಹುದಾ, ಯಾರು ನೋಡಿಕೊಳ್ಳುತ್ತಾರೆ ಅಂತ ತಿಳಿಯಲು ಬರುವುದು. ನೀವು ಮಾವ, ಆ ದಿನ ಬಾಡಿಗೆ ಬಿಟ್ಟು ಅಲ್ಲೇ ಇರಿ.

ಬೋರ್ಡು ಅಂದರೆ ಕಟಕಟೆ, ಎತ್ತರದ ಕುರ್ಚಿ ಅಂತ ನಾನು ಹೆದರಿದ್ದೆ. ಹಾಗಿಲ್ಲ. ಒಂದು ಮೇಜು, ಮೂವರು, ಎದುರಿಗೆ ನಮಗೂ ಕುರ್ಚಿ. ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಸೇವೆಯವರು. ಮಗನಿಗೆ ಕೌನ್ಸೆಲಿಂಗ್ ಆಯಿತು. ಮತ್ತೆ ಸ್ವಲ್ಪ ದಿನ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಕೆಲಸ. ಹಾ, ಬಸ್ಸಿನ ಟಿಕೆಟ್ ಬಿಸಾಡಬೇಡಿ. ಹುಡುಗನಿಗೂ ಜೊತೆಗೆ ಹೋದ ಒಬ್ಬರಿಗೂ ಹೋಗಿ ಬಂದ ಖರ್ಚು ಕೇಳಿ ಪಡೆಯಬಹುದು. ನನಗೆ ಗೊತ್ತಾಗುವಾಗ ಟಿಕೆಟೆಲ್ಲ ಒಲೆಗೆ ಹೋಗಿತ್ತು.

ನಿವೃತ್ತ ಮೇಷ್ಟ್ರು:

ಒಂದೇ ಮಾತು. ಶಾಲೆಯಿಂದ ಜನನ ದಿನಾಂಕದ ಸರ್ಟಿಫಿಕೇಟ್ ಇವತ್ತೇ ತೆಗೆಸಿ. ವಯಸ್ಸಿಗೆ ಮೊದಲು ನೋಡುವುದು ಶಾಲೆಯ ಅಥವಾ ಹತ್ತನೆಯ ಸರ್ಟಿಫಿಕೇಟ್, ಅದಿಲ್ಲದಿದ್ದರೆ ಪಂಚಾಯತಿನ ಜನನ ಪತ್ರ, ಯಾವುದೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ. ಕನ್ನಡ ಶಾಲೆಯಾದರೆ ಅದರ ಮೇಲೆ ಮೀಡಿಯಂ ಕನ್ನಡ ಅಂತಲೂ ಬರೆಸಿ. ದುಭಾಷಿ ಕೇಳುವಾಗ ಅದಕ್ಕಿಂತ ಒಳ್ಳೆಯ ಪುರಾವೆ ಯಾವುದು?

ಗೂಡ್ಸ್ ರಿಕ್ಷಾ ಮಾವ:

ಎಲ್ಲರಿಗೂ ಉಪಕಾರವಾಯಿತು. ಫೋಟೋ ಹತ್ತು ನಿಮಿಷದಲ್ಲಿ ಮಾಯ. ಅಡ್ಮಿನ್ ನನಗೇ ಫೋನ್ ಮಾಡಿ "ಅಣ್ಣಾ, ನಾನು ಹಾಕಿದ್ದಲ್ಲ" ಅಂದ. ಮೇಷ್ಟ್ರು ಹೇಳಿದ ಸರ್ಟಿಫಿಕೇಟ್ ನಾಳೆ ಸಿಗುತ್ತದೆ.

ನಿನ್ನೆ ರಾತ್ರಿ ಹುಡುಗನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋದೆ. ಮನೆಯಲ್ಲಿ ಅವನು ಬಾಯಿ ಬಿಡುವುದಿಲ್ಲ. ಅಜ್ಜನ ಪಾಲು ಅಂದದ್ದು ಮೊದಲನೇ ಗೋಣಿಗೆ ಮಾತ್ರವಂತೆ. ಎರಡನೆಯದನ್ನು ಎತ್ತುವಾಗ ಇವನಿಗೆ ಗೊತ್ತಾಗಿದೆ. ಈಗ ವಕೀಲರ ಹತ್ತಿರ ಒಂದು ಗೋಣಿ ಹೇಳಬೇಕಾ, ಎರಡೂ ಹೇಳಬೇಕಾ?

ವಿದ್ಯಾನಗರದ ಕರಿಕೋಟು:

ಎರಡೂ. ನಿಮಗೆ ಹೇಳಿದ ಹಾಗೇ ಅವರಿಗೂ ಹೇಳಲಿ, ಕನ್ನಡದಲ್ಲೇ. ಬೋರ್ಡಿನ ಎದುರು ಯಾವುದನ್ನು ಹೇಗೆ ಇಡಬೇಕು ಅಂತ ಅವರು ನೋಡಿಕೊಳ್ಳುತ್ತಾರೆ. ಇಲ್ಲಿ ಮಾತ್ರ ಇನ್ನು ಮುಂದೆ ಗೋಣಿಯ ಲೆಕ್ಕ ಬರೆಯಬೇಡಿ. ಮೇಲೆ ಬರೆದದ್ದನ್ನೂ ಅಳಿಸಿಬಿಡಿ.