ಹಿಂದಿನ ಗೋಡೆಯ ಗಾರೆ ಉದುರುತ್ತಿದೆ, ಆದಿತ್ಯವಾರ ಒಮ್ಮೆ ಬನ್ನಿ

ಮನೆ 7: ಎಲ್ಲರಿಗೂ ನಮಸ್ಕಾರ. ಓಣಿಗೆ ತಾಗಿದ ನಮ್ಮ ಹಿಂದಿನ ಇಟ್ಟಿಗೆ ಗೋಡೆ ನೋಡಿದ್ದೀರಾ? ಬೆಳಿಗ್ಗೆ ಬುಡದಲ್ಲಿ ಹೊಯಿಗೆ ರಾಶಿ ಬಿದ್ದಿತ್ತು. ಇರುವೆಗಳ ಕೆಲಸ ಅಂದುಕೊಂಡೆ. ಸುಮ್ನೆ ಸ್ಕೂಟರ್ ಕೀಯಿಂದ ಸಂದು ಗೀರಿದೆ. ಗಾರೆ ರವೆಯ ಹಾಗೆ ಸುರಿಯಿತು, ಕೀ ಅರ್ಧ ಒಳಗೆ ಹೋಯಿತು. ನನ್ನ ಮನೆ ಹಿಂದೆ ಮಾತ್ರ ಅಲ್ಲ, 4ರಿಂದ 11ರವರೆಗೂ ಇದೇ ಕಥೆ. ಮಕ್ಕಳು ಶಾಲೆಗೆ ಹೋಗುವ ದಾರಿ ಅದು.

ಮನೆ 4: ಇದಕ್ಕೆ ಎಂತ ಇಷ್ಟು ಗಲಾಟೆ ಮಾರಾಯ್ರೆ? ಎರಡು ಚೀಲ ಸಿಮೆಂಟ್ ತಂದು ಪ್ಲಾಸ್ಟರ್ ಎಳೆದರೆ ಮುಗಿಯಿತು.

ಮನೆ 7: ಅಣ್ಣ, ಅದನ್ನೇ ಮಾಡಿ ನಾನು ಕೆಟ್ಟದ್ದು. ಮೂರು ವರ್ಷದ ಹಿಂದೆ ಅಡುಗೆಮನೆಯ ಹೊರಗೋಡೆಯ ಸಂದುಗಳಿಗೆ ಗಟ್ಟಿ ಸಿಮೆಂಟ್ ತುಂಬಿಸಿದೆ. ಮೊದಲ ಮಳೆಗಾಲ ಚಂದ ಇತ್ತು. ಎರಡನೇ ಮಳೆಗಾಲದ ಆಟಿ ತಿಂಗಳಲ್ಲಿ ಸಿಮೆಂಟ್ ಅಲ್ಲಾಡಲಿಲ್ಲ, ಇಟ್ಟಿಗೆಯ ಮುಖವೇ ಹಪ್ಪಳದ ಹಾಗೆ ಎದ್ದು ಬಂತು.

ಮನೆ 9: ಹಾಗೇ ಆಗುವುದು. ಮೂವತ್ತು ವರ್ಷ ಸೈಟಿನಲ್ಲಿದ್ದವನು ಹೇಳ್ತೇನೆ, ಕೇಳಿ. ನಮ್ಮ ಗೋಡೆ ಹಳೇ ಮೆತ್ತನೆ ಇಟ್ಟಿಗೆಯದ್ದು, ಸಂದಿಯಲ್ಲಿ ಸುಣ್ಣದ ಗಾರೆ. ಮಳೆಗೆ ನೆನೆದ ಗೋಡೆ ಆ ಸಂದಿನಿಂದಲೇ ಒಣಗಬೇಕು. ಅಲ್ಲಿ ಗಟ್ಟಿ ಸಿಮೆಂಟ್ ತುಂಬಿದರೆ ನೀರು ಇಟ್ಟಿಗೆಯಿಂದ ಹೊರಬರುತ್ತದೆ. ಜೊತೆಗೆ ಬಂದ ಉಪ್ಪು ಇಟ್ಟಿಗೆಯ ಮುಖದ ಹಿಂದೆ ಹರಳುಗಟ್ಟಿ ಅದನ್ನು ದೂಡಿಬಿಡುತ್ತದೆ. ಗಾರೆ ಯಾವಾಗಲೂ ಇಟ್ಟಿಗೆಗಿಂತ ಮೆತ್ತಗಿರಬೇಕು. ಗಾರೆ ಹೋದರೆ ಮತ್ತೆ ತುಂಬಬಹುದು, ಇಟ್ಟಿಗೆ ಹೋದರೆ?

1865ರಲ್ಲೇ ಜೆಪ್ಪಿನಲ್ಲಿ ಬಾಸೆಲ್ ಮಿಷನ್ ಪಾದ್ರಿಗಳ ಹಂಚಿನ ಕಾರ್ಖಾನೆ ಕಂಡ ಊರು ನಮ್ಮ ಮಂಗಳೂರು. ಸುಟ್ಟ ಮಣ್ಣಿಗೆ ಎಂತ ಬೇಕು ಅಂತ ನಾವೇ ಮರೆತರೆ ಹೇಗೆ!

ಮನೆ 11: ಮಾಮ, ನಮ್ಮ ಭಾಗದಲ್ಲಿ ಬಿಳಿ ಪುಡಿ ಬಂದಿದೆ. ಕೆಳಗೆ ಪಾಚಿಯೂ ಉಂಟು. ಈಗಲೇ ಮೇಸ್ತ್ರಿಯನ್ನು ಕರೆಯಬೇಕಾ?

ಮನೆ 9: ಬಿಳಿ ಪುಡಿ ಉಪ್ಪು. ತೊಳೆಯಬೇಡಿ, ಒಣ ಬ್ರಷ್ಷಿನಲ್ಲಿ ಗುಡಿಸಿ. ಪಾಚಿ ಇದ್ದರೆ ಎಲ್ಲಿಂದಲೋ ನೀರು ಬರುತ್ತಾ ಇದೆ ಅಂತ ಅರ್ಥ. ಮೊದಲು ಅದನ್ನು ಹುಡುಕಿ. ಗೋಡೆಯ ತಲೆಯ ಮೇಲಿನ ಹಂಚು ಒಡೆದಿದೆಯಾ, ಯಾರದ್ದಾದರೂ ಪೈಪ್ ಗೋಡೆಗೆ ನೀರು ಬಿಡುತ್ತಿದೆಯಾ ನೋಡಿ. ನೀರು ನಿಲ್ಲದೆ ಗಾರೆ ತುಂಬಿದರೆ ದುಡ್ಡು ಹೊಳೆಗೆ.

ಬಿರುಕು ಮೆಟ್ಟಿಲಿನ ಹಾಗೆ ಸಂದಿನಿಂದ ಸಂದಿಗೆ ಏರಿದ್ದರೆ, ಅಥವಾ ಗೋಡೆ ಹೊಟ್ಟೆ ಬಿಟ್ಟಿದ್ದರೆ ಅಲ್ಲಿ ಮುಟ್ಟಬೇಡಿ. ಎಂಜಿನಿಯರ್ ನೋಡಲಿ. ಅಲ್ಲಿಯವರೆಗೆ ಮಕ್ಕಳು ಆಚೆ ಬದಿಯಲ್ಲಿ ನಡೆಯಲಿ.

ಮನೆ 6: ಪೈಪ್ ನಮ್ಮದು ಮಾಮ 🙏 ವಾಷಿಂಗ್ ಮಿಷನ್‌ನದ್ದು. ನಾಳೆಯೇ ತಿರುಗಿಸ್ತೇನೆ.

ಮನೆ 4: ಸರಿ, ಒಪ್ಪಿದೆ. ಹಾಗಾದರೆ ಕೆಲಸ ಹೇಗೆ? ಖರ್ಚು ಎಷ್ಟು?

ಮನೆ 9: ಈಗ ಸಂಜೆ ಮಳೆ ಇನ್ನೂ ಬಿಟ್ಟಿಲ್ಲ. ಡಿಸೆಂಬರ್‌ನಲ್ಲಿ ಮಾಡುವ. ಹಳೇ ಗಾರೆಯನ್ನು ಉಳಿ, ಸುತ್ತಿಗೆಯಿಂದ ಒಂದು ಇಂಚು ಆಳಕ್ಕೆ ತೆಗೆಯಬೇಕು. ಕಟ್ಟರ್ ಮಿಷನ್ ಬೇಡ, ಇಟ್ಟಿಗೆಯ ಅಂಚು ಹೋಗುತ್ತದೆ. ಧೂಳು ತೆಗೆದು ನೀರು ಚಿಮುಕಿಸಿ ಆಮೇಲೆ ತುಂಬುವುದು. ಸಿಮೆಂಟ್ 1, ಸುಣ್ಣ 2, ಹೊಯಿಗೆ 9 ಪಾಲು. ಸಮುದ್ರದ ಹೊಯಿಗೆ ಮಾತ್ರ ಬೇಡ, ಅದರಲ್ಲೂ ಉಪ್ಪು. ಒಂದು ವಾರ ಒದ್ದೆ ಗೋಣಿ ಹೊದಿಸಬೇಕು. ಮೇಸ್ತ್ರಿ ಅವಸರ ಮಾಡ್ತಾರೆ, ಒಪ್ಪಬೇಡಿ.

ಖರ್ಚು ಅಳತೆ ಆದ ಮೇಲೆ. ಎಂಟು ಮನೆಯವರು ಒಂದೇ ಮೇಸ್ತ್ರಿಗೆ ಕೊಟ್ಟರೆ ಎಲ್ಲರಿಗೂ ಒಂದೇ ಮಿಶ್ರಣ ಬೀಳುತ್ತದೆ. ನನಗೆ ಬೇಕಾದದ್ದು ಅದೇ.

ಮನೆ 7: ಆದಿತ್ಯವಾರ 7 ಗಂಟೆಗೆ ಅಳತೆ ಮಾಡುವ. ಟೇಪ್ ನನ್ನ ಹತ್ತಿರ ಉಂಟು.

ಮನೆ 4: ಏಣಿ ನಾನು ತರ್ತೇನೆ. ಚಾ 6ನೇ ಮನೆಯವರದ್ದು, ಪೈಪಿನ ದಂಡ 😄